ಕೊಡಗಿನಲ್ಲಿ ತಜ್ಞವೈದ್ಯರ ಸಮ್ಮೇಳನ: ಸ್ವಯಂಸೇವಕರು ಪದೇ ಪದೇ ಕೇಳುವ ಪ್ರಶ್ನೆಗಳು

ಮಕ್ಕಳ ತಜ್ಞರಿರಲಿ, ಅರಿವಳಿಕೆಯವರಿರಲಿ, ಮೂಳೆ ಡಾಕ್ಟರರಿರಲಿ, ರಾಜ್ಯಮಟ್ಟದ ಸಮ್ಮೇಳನವನ್ನು ಕೊಡಗಿನಲ್ಲಿ ಮಾಡೋಣ ಎಂದರೆ ಎಲ್ಲರೂ ಹೂಂ ಅನ್ನುತ್ತಾರೆ. ಆದರೆ ಇಲ್ಲಿ ರೈಲಿಲ್ಲ, ವಿಮಾನ ನಿಲ್ದಾಣವಿಲ್ಲ, ಗಾಳಿಮಳೆ ಬಂದರೆ ಕರೆಂಟಿನ ಖಾತ್ರಿಯಿಲ್ಲ. ಭಾಷಣಕಾರರನ್ನು ಒಪ್ಪಿಸುವುದು ಸುಲಭ. ಅವರನ್ನು ಹೊತ್ತಿಗೆ ಸರಿಯಾಗಿ ವೇದಿಕೆಗೆ ತಂದು ನಿಲ್ಲಿಸುವುದು ಕಷ್ಟ. ಸ್ವಯಂಸೇವಕರ ಕೆಲಸದ ಬಹುಪಾಲು ಅದೇ. ಕೆಳಗಿನ ಲೆಕ್ಕಗಳನ್ನೆಲ್ಲ ಸುಮಾರು 300 ಪ್ರತಿನಿಧಿಗಳು (ಹೆಸರು ನೋಂದಾಯಿಸಿ ಬರುವ ವೈದ್ಯರು), ಎರಡು ದಿನದ ಸಮ್ಮೇಳನ, ಮುನ್ನಾದಿನ ಒಂದು ಕಾರ್ಯಾಗಾರ ಎಂದಿಟ್ಟುಕೊಂಡು ಹಾಕಿದೆ.

ನಾನು ಡಾಕ್ಟರಲ್ಲ. ಸೇರಬಹುದೇ?

ಧಾರಾಳವಾಗಿ. ವೈದ್ಯರೇ ಬೇಕಾಗುವುದು ಮೂರು ಕಡೆ ಮಾತ್ರ: ಪ್ರಬಂಧ ಸಾರಾಂಶಗಳ ಪರಿಶೀಲನೆ, ಕಾರ್ಯಾಗಾರದ ಮೇಜುಗಳು, ತುರ್ತು ಚಿಕಿತ್ಸೆ. ಉಳಿದದ್ದಕ್ಕೆ ಬೇಕಾದದ್ದು ಊರಿನ ಪರಿಚಯ ಮತ್ತು ಹೇಳಿದ ಹೊತ್ತಿಗೆ ಹೇಳಿದ ಜಾಗದಲ್ಲಿರುವ ಅಭ್ಯಾಸ. ನಮ್ಮ ಜಿಲ್ಲೆಯಲ್ಲಿ ನಿವೃತ್ತ ಸೈನಿಕರಿಗೆ ಬರವಿಲ್ಲ. ವಾಹನ ಮತ್ತು ಪಾರ್ಕಿಂಗ್ ಹೊಣೆಯನ್ನು ಅವರಲ್ಲೊಬ್ಬರಿಗೆ ಕೊಟ್ಟರೆ ಉಳಿದವರು ನಿಶ್ಚಿಂತೆಯಿಂದ ಇರಬಹುದು. ನೋಂದಣಿ ಮೇಜಿಗೆ ನಿವೃತ್ತ ಶಿಕ್ಷಕರು, ಸಭಾಂಗಣಕ್ಕೆ ವೈದ್ಯಕೀಯ ಮತ್ತು ನರ್ಸಿಂಗ್ ವಿದ್ಯಾರ್ಥಿಗಳು ಚೆನ್ನಾಗಿ ಒದಗುತ್ತಾರೆ.

ವಿದ್ಯಾರ್ಥಿಗಳನ್ನು ಕರೆಯುವ ಮೊದಲು ಪರೀಕ್ಷಾ ವೇಳಾಪಟ್ಟಿ ನೋಡಿ. ಮಡಿಕೇರಿಯ ಕೊಡಗು ವೈದ್ಯಕೀಯ ವಿಜ್ಞಾನ ಸಂಸ್ಥೆ ರಾಜೀವ್ ಗಾಂಧಿ ಆರೋಗ್ಯ ವಿಜ್ಞಾನಗಳ ವಿಶ್ವವಿದ್ಯಾಲಯಕ್ಕೆ ಸೇರಿದ್ದು. ವಿಶ್ವವಿದ್ಯಾಲಯ ಪರೀಕ್ಷೆ ಮುಂದೂಡಿದರೆ ನಿಮ್ಮ ಅರ್ಧ ತಂಡ ಒಂದೇ ದಿನದಲ್ಲಿ ಖಾಲಿಯಾಗುತ್ತದೆ.

ಒಟ್ಟು ಎಷ್ಟು ಜನ ಬೇಕು?

ನಲವತ್ತು. ನೋಂದಣಿಗೆ 6, ಎರಡು ಸಭಾಂಗಣಗಳಿಗೆ ಸೇರಿ 6, ವಾಹನಕ್ಕೆ 8, ರೂಮುಗಳಿಗೆ 4, ಊಟಕ್ಕೆ 4, ಸಂಶೋಧನೆಯ ಪೋಸ್ಟರ್‌ಗಳಿಗೆ 2, ಔಷಧ ಕಂಪನಿಗಳ ಮಳಿಗೆಗಳಿಗೆ 2, ವೇದಿಕೆಗೆ 2, ಪ್ರಥಮ ಚಿಕಿತ್ಸೆಗೆ 2, ಯಾವ ಕೆಲಸವನ್ನೂ ಹಚ್ಚದೆ ಕೈಲಿಟ್ಟುಕೊಳ್ಳಲು 4. ಆ ಕೊನೆಯ ನಾಲ್ವರನ್ನು ಮೊದಲೇ ಹಂಚಿಬಿಡುವ ತಪ್ಪು ಎಲ್ಲ ಕಡೆ ಆಗುತ್ತದೆ. ಯಾರಿಗೋ ಜ್ವರ, ಯಾರದೋ ಮನೆಯಲ್ಲಿ ಸಾವು, ಅಷ್ಟು ಸಾಕು, ಮೇಜು ಖಾಲಿ.

ಎಪ್ಪತ್ತು ಜನ ಬಂದರೆ ಇನ್ನೂ ಒಳ್ಳೆಯದಲ್ಲವೇ ಎಂದು ಕೇಳುತ್ತಾರೆ. ಅಲ್ಲ. ಕೆಲಸ ನಿಗದಿಯಾಗದ ಮೂವತ್ತು ಜನ ನೋಂದಣಿ ಮೇಜಿನ ಸುತ್ತ ನಿಂತಿರುತ್ತಾರೆ, ಪ್ರತಿನಿಧಿಗೆ ಒಂದೇ ಪ್ರಶ್ನೆಗೆ ಮೂರು ಉತ್ತರ ಸಿಗುತ್ತದೆ.

ಯಾವ ತಿಂಗಳು ಒಳ್ಳೆಯದು? ನಮ್ಮ ಅಭಿಪ್ರಾಯ ಕೇಳುತ್ತಾರೆಯೇ?

ಕೇಳದಿದ್ದರೂ ಹೇಳಿ. ಬೆಂಗಳೂರಿನ ತಜ್ಞವೈದ್ಯರ ಸಂಘದವರು ಕ್ಯಾಲೆಂಡರ್‌ನಲ್ಲಿ ರಜೆ ನೋಡಿ ದಿನ ಗೊತ್ತುಮಾಡುತ್ತಾರೆ, ಇಲ್ಲಿಯ ಲೆಕ್ಕವೇ ಬೇರೆ.

ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ಬೇಡವೇ ಬೇಡ. 2018ರ ಆಗಸ್ಟ್‌ನಲ್ಲಿ ಗುಡ್ಡ ಕುಸಿದು ಮಡಿಕೇರಿ–ಸಂಪಾಜೆ ರಸ್ತೆ ಕಡಿದುಹೋದದ್ದು ಎಲ್ಲರಿಗೂ ನೆನಪಿದೆ. ಅಂಥದ್ದು ಆಗದಿದ್ದರೂ ಮಳೆಗಾಲದಲ್ಲಿ ಘಾಟಿಯಲ್ಲಿ ಭಾರೀ ವಾಹನ ನಿಲ್ಲಿಸುವ ಆದೇಶ ಯಾವ ದಿನವೂ ಬರಬಹುದು. ಸೆಪ್ಟೆಂಬರ್ 3ರ ಆಸುಪಾಸು ಕೈಲ್ ಪೊಳ್ದ್, ಕೊಡವರ ಆಯುಧಪೂಜೆಯ ಹಬ್ಬ. ದಸರೆಯಲ್ಲಿ, ಅದರಲ್ಲೂ ದಶಮಂಟಪಗಳು ಹೊರಡುವ ವಿಜಯದಶಮಿ ರಾತ್ರಿ, ಮಡಿಕೇರಿಗೆ ಕಾರು ತರುವುದೇ ತಪ್ಪು. ಅಕ್ಟೋಬರ್ 17 ಅಥವಾ 18ರಂದು ತುಲಾ ಸಂಕ್ರಮಣ. ಜನವೆಲ್ಲ ತಲಕಾವೇರಿ, ಭಾಗಮಂಡಲದ ಕಡೆ. ನವೆಂಬರ್ ಕೊನೆಗೋ ಡಿಸೆಂಬರ್‌ನಲ್ಲೋ ಸುಗ್ಗಿಹಬ್ಬ ಪುತ್ತರಿ, ಆ ದಿನ ಅಡುಗೆಯವರೂ ಡ್ರೈವರ್‌ಗಳೂ ಸಿಗುವುದಿಲ್ಲ. ಕ್ರಿಸ್ಮಸ್‌ನಿಂದ ಹೊಸ ವರ್ಷದವರೆಗೆ ರೂಮಿನ ಬೆಲೆ ಆಕಾಶಕ್ಕೆ. ಏಪ್ರಿಲ್–ಮೇ ಮದುವೆ ಕಾಲ, ಕೊಡವ ಸಮಾಜಗಳ ಮಂಟಪಗಳು ವರ್ಷದ ಮುಂಚೆಯೇ ಬುಕ್ ಆಗಿರುತ್ತವೆ. ಜೊತೆಗೆ ಕುಟುಂಬಗಳ ನಡುವಿನ ಹಾಕಿ ಉತ್ಸವ.

ಉಳಿದವುಗಳಲ್ಲಿ ಒಳ್ಳೆಯದು ಫೆಬ್ರವರಿ, ಮತ್ತು ಹಬ್ಬ ನೋಡಿಕೊಂಡು ನವೆಂಬರ್ ಮಧ್ಯಭಾಗ. ಫೆಬ್ರವರಿಗೇ ನಮ್ಮ ಮತ. ರೋಬಸ್ಟಾ ಕೊಯ್ಲು ನಡೆಯುತ್ತಿರುತ್ತದೆ, ತೋಟದವರು ಸ್ವಯಂಸೇವಕರಾಗಿ ಬರುವುದು ಕಷ್ಟ, ಅಷ್ಟೇ ತೊಂದರೆ.

ಎಷ್ಟು ಮೊದಲು ಕೆಲಸ ಶುರು?

ಹತ್ತು ತಿಂಗಳು ಮೊದಲು ಸಭಾಂಗಣ ಮತ್ತು ರೂಮು. ಆರು ತಿಂಗಳಿಗೆ ಮೊದಲ ಸುತ್ತೋಲೆ, ನೋಂದಣಿ ಆರಂಭ. ನಾಲ್ಕು ತಿಂಗಳಿಗೆ ಭಾಷಣಕಾರರ ಒಪ್ಪಿಗೆ ಲಿಖಿತವಾಗಿ ಕೈಯಲ್ಲಿರಬೇಕು. ಎರಡೂವರೆ ತಿಂಗಳಿಗೆ ಸಾರಾಂಶ ಕಳಿಸುವ ಕೊನೆಯ ದಿನ. ಅದನ್ನು ಒಂದು ವಾರ ಮುಂದೂಡುವುದು ಹೇಗೂ ನಡೆಯುತ್ತದೆ, ಹಾಗಾಗಿ ಆ ವಾರವನ್ನು ಲೆಕ್ಕದಲ್ಲಿಟ್ಟುಕೊಂಡೇ ದಿನ ಪ್ರಕಟಿಸಿ. ಎರಡು ತಿಂಗಳಿಗೆ ಕ್ರೆಡಿಟ್ ಅವರ್ (ಸಮ್ಮೇಳನದಲ್ಲಿ ಕೂತ ವೈದ್ಯರಿಗೆ ಸಿಗುವ ಕಲಿಕೆಯ ಅಂಕ) ಅರ್ಜಿ. ಮೂರು ವಾರ ಉಳಿದಾಗ ವಾಹನಪಟ್ಟಿ. ಹೆಚ್ಚಿನ ಸ್ವಯಂಸೇವಕರಿಗೆ ಕೊನೆಯ ಆರು ವಾರಗಳಲ್ಲಿ ಮಾತ್ರ ಕೆಲಸ. ವಾರಕ್ಕೊಂದು ಸಭೆ, ಮುಕ್ಕಾಲು ಗಂಟೆ ಮೀರದಂತೆ.

ಮಡಿಕೇರಿಯೋ, ಕುಶಾಲನಗರವೋ, ವಿರಾಜಪೇಟೆಯೋ?

ಹೊರಗಿನವರಿಗೆ ಮಡಿಕೇರಿಯೇ ಬೇಕು. ಆದರೆ ಕುಶಾಲನಗರ ಬಯಲು. ದೊಡ್ಡ ಬಸ್ಸು ಸಲೀಸಾಗಿ ಬರುತ್ತದೆ, ಮೈಸೂರಿನಿಂದ ಬರುವವರಿಗೆ ಕೊನೆಯ 30 ಕಿಲೋಮೀಟರ್ ತಿರುವಿನ ದಾರಿ ತಪ್ಪುತ್ತದೆ. ವಿರಾಜಪೇಟೆ ಕಣ್ಣೂರು ವಿಮಾನ ನಿಲ್ದಾಣಕ್ಕೆ ಹತ್ತಿರ, ಸುಮಾರು 60 ಕಿಲೋಮೀಟರ್. ಕಾರ್ಯಾಗಾರಕ್ಕೆ ಆಸ್ಪತ್ರೆ ಅಥವಾ ಅನಾಟಮಿ ವಿಭಾಗ ಬೇಕಿದ್ದರೆ ಮಡಿಕೇರಿ ಬಿಟ್ಟು ಬೇರೆ ಯೋಚನೆ ಬೇಡ.

ಜಾಗ ನೋಡಲು ಹೋದಾಗ ಫೋಟೋದಲ್ಲಿ ಕಾಣದ್ದನ್ನು ನೋಡಿ. ಹೆಂಗಸರ ಶೌಚಾಲಯ ಎಷ್ಟು? ಜನರೇಟರ್ ಎಲ್ಲಿದೆ, ಅದರ ಸದ್ದು ಸಭಾಂಗಣಕ್ಕೆ ಕೇಳುತ್ತದೆಯೇ? ಹಗಲು 11 ಗಂಟೆಗೆ ಪರದೆ ಮೇಲೆ ಬಿಸಿಲು ಬೀಳುತ್ತದೆಯೇ? ತಗಡಿನ ಸೂರಾದರೆ ಒಂದು ಜೋರು ಮಳೆಗೆ ಮೈಕು ಕೇಳುವುದಿಲ್ಲ. ಎರಡನೇ ಸಭಾಂಗಣಕ್ಕೆ ನಡೆದು ಹೋಗಲು ಎಷ್ಟು ನಿಮಿಷ? ಮೂರಕ್ಕಿಂತ ಹೆಚ್ಚಾದರೆ ಅಲ್ಲಿ ಕುರ್ಚಿಗಳಷ್ಟೇ ಇರುತ್ತವೆ.

ವಾಹನದ ಕೆಲಸಕ್ಕೆ ಎಂಟು ಜನ ಏಕೆ?

ಸಮ್ಮೇಳನ ಕೆಡುವುದು ಇಲ್ಲೇ, ಅದಕ್ಕೆ.

ಮೊದಲು ದೂರ ತಿಳಿದಿರಲಿ. ಮಡಿಕೇರಿಗೆ ಮೈಸೂರಿನಿಂದ ಸುಮಾರು 120 ಕಿಲೋಮೀಟರ್, ಮೂರು ಗಂಟೆ ಹಿಡಿಯಿರಿ. ಬೆಂಗಳೂರಿನಿಂದ 260ರಷ್ಟು, ಆರು ಗಂಟೆ. ಮಂಗಳೂರಿನಿಂದ 140ರಷ್ಟು, ನಾಲ್ಕು ಗಂಟೆ. 2018ರ ಡಿಸೆಂಬರ್‌ನಲ್ಲಿ ಶುರುವಾದ ಕಣ್ಣೂರು ವಿಮಾನ ನಿಲ್ದಾಣ ಇರುವುದು ಮಟ್ಟನ್ನೂರಿನಲ್ಲಿ. ಅಲ್ಲಿಂದ ಮಾಕುಟ್ಟ ಘಾಟಿ ಹತ್ತಿ ವಿರಾಜಪೇಟೆಯ ಮೇಲೆ ಮಡಿಕೇರಿಗೆ 90 ಕಿಲೋಮೀಟರ್ ಆಸುಪಾಸು, ಆದರೂ ಮೂರು ಗಂಟೆ. ಹೊರಗಿನವರು ಮೊಬೈಲ್ ನಕ್ಷೆ ನೋಡಿ ಎರಡು ಗಂಟೆ ಅಂದುಕೊಂಡಿರುತ್ತಾರೆ. ವಿಮಾನ ಇಳಿದ ನಾಲ್ಕು ಗಂಟೆಯೊಳಗೆ ಭಾಷಣ ಇಟ್ಟಿದ್ದರೆ ವಿಜ್ಞಾನ ಸಮಿತಿಗೆ ಹೇಳಿ ಬದಲಾಯಿಸಿ.

ಕೊಡಗಿನ ಟ್ಯಾಕ್ಸಿ ಕೇರಳಕ್ಕೆ ಹೋಗಿ ಕರೆತರಬೇಕಾದರೆ ಆಲ್ ಇಂಡಿಯಾ ಪರ್ಮಿಟ್ ಇರಬೇಕು. ಬಾಡಿಗೆ ಗೊತ್ತುಮಾಡುವಾಗಲೇ ಕೇಳಿ. ಇಲ್ಲದಿದ್ದರೆ ಗಡಿಯ ಕೂಟುಪುಳ ಚೆಕ್‌ಪೋಸ್ಟ್‌ನಲ್ಲಿ ಗಾಡಿ ನಿಲ್ಲುತ್ತದೆ, ಅತಿಥಿ ವಿಮಾನ ನಿಲ್ದಾಣದಲ್ಲಿ ಕಾಯುತ್ತಾರೆ. ಮಾಕುಟ್ಟ ರಸ್ತೆ ಕಾಡಿನ ನಡುವೆ ಹೋಗುತ್ತದೆ, ರಾತ್ರಿ ಆನೆ ಅಡ್ಡ ಬರುವುದು ಅಪರೂಪವಲ್ಲ. ತಡರಾತ್ರಿಯ ವಿಮಾನದವರನ್ನು ವಿಮಾನ ನಿಲ್ದಾಣದ ಬಳಿಯೇ ತಂಗಿಸಿ ಬೆಳಿಗ್ಗೆ ಕರೆತನ್ನಿ. ಮೈಸೂರಿನಿಂದ ಕುಟ್ಟ ಕಡೆಗೆ ನಾಗರಹೊಳೆ ಕಾಡಿನೊಳಗೆ ಹಾದುಬರುವ ರಸ್ತೆ ಸಂಜೆ 6ರಿಂದ ಬೆಳಿಗ್ಗೆ 6ರವರೆಗೆ ಮುಚ್ಚಿರುತ್ತದೆ; ಇದನ್ನು ಸುತ್ತೋಲೆಯಲ್ಲೇ ಅಚ್ಚು ಮಾಡಿಸಿ.

ದೊಡ್ಡ ಬಸ್ಸು ಮುಖ್ಯರಸ್ತೆಗೆ ಮಾತ್ರ. ತೋಟದ ರಸ್ತೆಗಳಲ್ಲಿ 50 ಸೀಟಿನ ಬಸ್ಸು ತಿರುಗುವುದಿಲ್ಲ, ಹಿಂದಕ್ಕೂ ಬರಲಾಗುವುದಿಲ್ಲ. 12ರಿಂದ 17 ಸೀಟಿನ ಟೆಂಪೊ ಟ್ರಾವೆಲರ್‌ಗಳೇ ಸರಿ. ರೂಮುಗಳು ನಾಲ್ಕು ದಿಕ್ಕಿನಲ್ಲಿದ್ದರೆ ನಾಲ್ಕು ಮಾರ್ಗ ಮಾಡಿ, ಮಾರ್ಗಕ್ಕೆ ಇಬ್ಬರು ಸ್ವಯಂಸೇವಕರು: ಒಬ್ಬರು ಗಾಡಿಯಲ್ಲಿ, ಒಬ್ಬರು ಸಭಾಂಗಣದ ಬಾಗಿಲಲ್ಲಿ. ಎಂಟು ಜನ ಎಂದದ್ದು ಹೀಗೆ. ಪ್ರತಿ ಗಾಡಿಯಲ್ಲೂ ವಾಂತಿಗೆ ಕಾಗದದ ಕವರು, ನೀರು. ತಲೆಸುತ್ತಿನ ಮಾತ್ರೆಯನ್ನು ಹೊರಡುವ ಅರ್ಧ ಗಂಟೆ ಮೊದಲೇ ನುಂಗಬೇಕು, ಕುಶಾಲನಗರ–ಮಡಿಕೇರಿ ನಡುವಿನ ಸುಂಟಿಕೊಪ್ಪ ದಾಟಿದ ಮೇಲೆ ಕೊಟ್ಟು ಪ್ರಯೋಜನವಿಲ್ಲ.

ಡ್ರೈವರ್‌ಗಳಿಗೆ ಊಟ, ಮಲಗಲು ಜಾಗ, ಬೆಳಗಿನ ಕಾಫಿ ಇವು ಬಜೆಟ್‌ನಲ್ಲಿ ಪ್ರತ್ಯೇಕ ಸಾಲಾಗಿರಬೇಕು. ಹಿಂದಿನ ರಾತ್ರಿ ಸೀಟಿನಲ್ಲೇ ಮಲಗಿದವರ ಕೈಗೆ ಘಾಟಿ ಕೊಡಬೇಡಿ.

ರೂಮು ಹಂಚುವವರು ಏನು ನೋಡಿಕೊಳ್ಳಬೇಕು?

ಹೋಂಸ್ಟೇ ಆದರೆ ಪ್ರವಾಸೋದ್ಯಮ ಇಲಾಖೆಯ ನೋಂದಣಿ ಇದೆಯೇ ನೋಡಿ. ವಿದೇಶಿ ಅತಿಥಿ ಇದ್ದರೆ ಅವರು ಬಂದ 24 ಗಂಟೆಯೊಳಗೆ ಮನೆಯವರು ವಿದೇಶಿಯರ ವಿವರದ ಫಾರಂ (ಸಿ ಫಾರಂ ಎಂದೇ ರೂಢಿ) ಆನ್‌ಲೈನ್‌ನಲ್ಲಿ ತುಂಬಬೇಕು. ಎಷ್ಟೋ ಹೋಂಸ್ಟೇಗಳಿಗೆ ಅದರ ಅಭ್ಯಾಸವಿಲ್ಲ, ಹಾಗಾಗಿ ವಿದೇಶಿಯರನ್ನು ಹೋಟೆಲಿಗೇ ಹಾಕುವುದು ಲೇಸು. ವಯಸ್ಸಾದ ಪ್ರಾಧ್ಯಾಪಕರಿಗೆ ಮೆಟ್ಟಿಲಿಲ್ಲದ ರೂಮು. ಬಿಸಿನೀರು ಎಷ್ಟು ಹೊತ್ತಿಗೆ ಬರುತ್ತದೆ ಎಂದು ಬರೆದಿಡಿ: ಸೌದೆ ಒಲೆಯ ಹಂಡೆಯೋ, ಸೋಲಾರ್ ಆಗಿದ್ದರೆ ಮೋಡದ ದಿನ ಏನು ಗತಿ ಎಂದೂ. ಫೆಬ್ರವರಿಯಲ್ಲೂ ರಾತ್ರಿ ಚಳಿಯಿರುತ್ತದೆ, ಕಂಬಳಿ ಒಂದು ಹೆಚ್ಚೇ ಇರಲಿ.

ಮೊಬೈಲ್ ಸಿಗ್ನಲ್ ಸಿಗದ ತೋಟದ ಮನೆಗಳಿಗೆ ಮರುದಿನದ ಗಾಡಿಯ ಸಮಯವನ್ನು ಹಿಂದಿನ ಸಂಜೆಯೇ ಚೀಟಿಯಲ್ಲಿ ಬರೆದು ಕೊಡಿ. ವಾಟ್ಸ್ಯಾಪ್‌ನಲ್ಲಿ ಹಾಕಿದ್ದೆವಲ್ಲ ಎಂಬ ಮಾತು ಇಲ್ಲಿ ನಡೆಯುವುದಿಲ್ಲ.

ಕ್ರೆಡಿಟ್ ಅವರ್ ಅಂದರೇನು? ಎಲ್ಲರೂ ಅದನ್ನೇ ಕೇಳುತ್ತಾರೆ.

ಕರ್ನಾಟಕ ವೈದ್ಯಕೀಯ ಪರಿಷತ್ತಿನಲ್ಲಿ ವೈದ್ಯರು ಐದು ವರ್ಷಕ್ಕೊಮ್ಮೆ ನೋಂದಣಿ ನವೀಕರಿಸಬೇಕು, ಅದಕ್ಕೆ 30 ಕ್ರೆಡಿಟ್ ಅವರ್ ಬೇಕು. ಸಮ್ಮೇಳನಕ್ಕೆ ಎಷ್ಟು ಎಂದು ನಿರ್ಧರಿಸುವುದು ಪರಿಷತ್ತು, ನಾವಲ್ಲ. ಆದೇಶ ಕೈಗೆ ಬರುವ ಮೊದಲು ಸುತ್ತೋಲೆಯಲ್ಲಿ ಸಂಖ್ಯೆ ಅಚ್ಚು ಮಾಡಬೇಡಿ. ಅರ್ಜಿಯ ಜೊತೆ ನಿಮಿಷವಾರು ಕಾರ್ಯಕ್ರಮಪಟ್ಟಿ, ಭಾಷಣಕಾರರ ವಿವರ ಹೋಗಬೇಕು. ಪರಿಷತ್ತಿನಿಂದ ವೀಕ್ಷಕರು ಬರುತ್ತಾರೆ. ಅವರಿಗೆ ಮುಂದಿನ ಸಾಲಿನಲ್ಲಿ ಕುರ್ಚಿ, ಕಾರ್ಯಕ್ರಮಪಟ್ಟಿಯ ಪ್ರತಿ, ಹಾಜರಾತಿ ಪುಸ್ತಕ ಸಿದ್ಧವಿರಲಿ.

ಸ್ವಯಂಸೇವಕರ ಪಾಲಿಗೆ ಬರುವುದು ಹಾಜರಾತಿ. ಪರಿಷತ್ತಿನ ನೋಂದಣಿ ಸಂಖ್ಯೆ ಇಲ್ಲದೆ ಹೆಸರು ಮಾತ್ರ ಬರೆದರೆ ಆ ಸಾಲು ವ್ಯರ್ಥ. ಕೇರಳದಿಂದ ಬಂದವರಿಗೆ ಪ್ರಮಾಣಪತ್ರ ಕೊಡಿ, ಅವರ ಪರಿಷತ್ತು ಒಪ್ಪುತ್ತದೆ ಎಂಬ ಭರವಸೆ ಮಾತ್ರ ಕೊಡಬೇಡಿ. ಮೊದಲ ದಿನ ಮಧ್ಯಾಹ್ನವೇ ಪ್ರಮಾಣಪತ್ರ ಕೇಳಿಕೊಂಡು ಬರುವವರಿದ್ದಾರೆ, ಸಹಿ ಹಾಕಿ ದುಬಾರೆ ಆನೆ ಶಿಬಿರಕ್ಕೆ ಹೊರಟಿರುತ್ತಾರೆ. ಪ್ರಮಾಣಪತ್ರ ಕೊಡುವುದು ಎರಡನೇ ದಿನ ಕೊನೆಯ ಅಧಿವೇಶನದ ನಂತರ ಎಂದು ಫಲಕ ಹಾಕಿ, ಫಲಕದ ಕಡೆ ಕೈ ತೋರಿಸಿ. ವಾದ ಬೇಡ.

ಔಷಧ ಕಂಪನಿಯವರ ಪರಿಚಯವಿದೆ. ಹಣ ಕೇಳಲೇ?

ನೀವಾಗಿ ಕೇಳಬೇಡಿ. ಹಣಕಾಸು ಸಮಿತಿಯ ಮೂಲಕ, ಸಂಘದ ಖಾತೆಗೆ, ರಸೀದಿಯೊಂದಿಗೆ ಮಾತ್ರ. ಕೇಂದ್ರ ಔಷಧ ಇಲಾಖೆ 2024ರ ಮಾರ್ಚ್‌ನಲ್ಲಿ ಹೊರಡಿಸಿದ ಮಾರುಕಟ್ಟೆ ನೀತಿಸಂಹಿತೆಯ ಪ್ರಕಾರ ಕಂಪನಿಗಳು ವೈದ್ಯರಿಗೆ ಪ್ರಯಾಣದ ಟಿಕೆಟ್ಟು, ರೂಮು, ಉಡುಗೊರೆ ಕೊಡುವಂತಿಲ್ಲ; ಕಾರ್ಯಕ್ರಮದಲ್ಲಿ ಭಾಷಣ ಮಾಡುವವರ ಪ್ರಯಾಣ, ವಸತಿಗೆ ಮಾತ್ರ ವಿನಾಯಿತಿ. ವೈದ್ಯರ ನಡತೆ ನಿಯಮಗಳಿಗೆ 2009ರಲ್ಲೇ ಬಂದ ತಿದ್ದುಪಡಿಯೂ ಇದನ್ನೇ ಹೇಳುತ್ತದೆ. ಸಂಘ ನಡೆಸುವ ಸಮ್ಮೇಳನದಲ್ಲಿ ಮಳಿಗೆ ಬಾಡಿಗೆ ಕೊಡುವುದಕ್ಕೆ ಅಡ್ಡಿಯಿಲ್ಲ.

ಅಂದರೆ ಕಂಪನಿ ಪ್ರತಿನಿಧಿ ಬಂದು "ಸಾರ್‌ಗೆ ರಿಸಾರ್ಟ್ ರೂಮು ನಾವು ಹಾಕ್ತೀವಿ, ನೀವು ಲಿಸ್ಟ್‌ನಲ್ಲಿ ಸೇರಿಸಿ" ಎಂದರೆ ರೂಮು ಸಮಿತಿಯವರು ಒಪ್ಪಬಾರದು. ಸಮ್ಮೇಳನಕ್ಕೆ ಬಂದ ವೈದ್ಯರ ಫೋನ್ ನಂಬರಿನ ಪಟ್ಟಿಯನ್ನೂ ಕೊಡಬಾರದು. ಅದನ್ನು ಕೇಳದ ಮಳಿಗೆಯವರನ್ನು ಕಂಡವರಿಲ್ಲ.

ಭಾಷಣಕಾರರ ಗೌರವಧನಕ್ಕೆ ಟಿಡಿಎಸ್ ಅನ್ವಯಿಸಬಹುದು, ಆದ್ದರಿಂದ ಪ್ಯಾನ್ ಸಂಖ್ಯೆಯನ್ನು ಒಪ್ಪಿಗೆ ಪತ್ರದ ಜೊತೆಗೇ ತರಿಸಿಕೊಳ್ಳಿ. ಊಟ ಮುಗಿಸಿ ಗಾಡಿ ಹತ್ತಿದ ಮೇಲೆ ಅದು ಸಿಗುವುದಿಲ್ಲ.

ಕಾರ್ಯಾಗಾರದಲ್ಲಿ ಅಲ್ಟ್ರಾಸೌಂಡ್ ಯಂತ್ರ ಇಡುತ್ತಾರಂತೆ. ತರಿಸುವುದು ಹೇಗೆ?

ಕಾರಿನ ಡಿಕ್ಕಿಯಲ್ಲಿ ಹಾಕಿಕೊಂಡು ಬರುವ ವಸ್ತುವಲ್ಲ ಅದು. ಭ್ರೂಣಲಿಂಗ ಪತ್ತೆಯನ್ನು ತಡೆಯುವ 1994ರ ಪಿಸಿಪಿಎನ್‌ಡಿಟಿ ಕಾಯ್ದೆಯಡಿ ಪ್ರತಿ ಯಂತ್ರವೂ ನೋಂದಾಯಿತ ಜಾಗಕ್ಕೆ ಸೇರಿದ್ದು. ಬೇರೆ ಕಡೆ ಒಯ್ಯಲು, ಪ್ರದರ್ಶಿಸಲು ಜಿಲ್ಲೆಯ ಸಕ್ಷಮ ಪ್ರಾಧಿಕಾರದ ಅನುಮತಿ ಬೇಕು. ಯಂತ್ರದ ಮಾದರಿ, ಕ್ರಮಸಂಖ್ಯೆ, ಯಾವ ದಿನ ಬರುತ್ತದೆ, ಯಾವ ದಿನ ಮರಳುತ್ತದೆ ಎಲ್ಲ ಬರೆದು ಜಿಲ್ಲಾ ಆರೋಗ್ಯಾಧಿಕಾರಿ ಕಚೇರಿಯಲ್ಲಿ ಒಂದು ತಿಂಗಳು ಮೊದಲೇ ವಿಚಾರಿಸಿ. ಪತ್ರವಿಲ್ಲದ ಯಂತ್ರ ಜಪ್ತಿಯಾಗುತ್ತದೆ, ಮೊಕದ್ದಮೆ ಸಂಘಟಕರ ಮೇಲೂ ಬೀಳಬಹುದು. ಮಾದರಿಯಾಗಿ ಮಲಗುವವರು ಆರೋಗ್ಯವಂತ ಗಂಡಸರಿರಲಿ. ಗರ್ಭಿಣಿಯರನ್ನು ಯಾವ ಕಾರಣಕ್ಕೂ ಕರೆಯಬೇಡಿ.

ಹೊಲಿಗೆ ಅಭ್ಯಾಸಕ್ಕೆ ಹಂದಿ ಕಾಲು ಚೆನ್ನಾಗಿರುತ್ತದೆ, ಕೊಡಗಿನಲ್ಲಿ ಅದಕ್ಕೆ ಪರದಾಟವಿಲ್ಲ. ಒಂದು ಎಚ್ಚರಿಕೆ: ಇಲ್ಲಿ ಕೂದಲು ತೆಗೆಯಲು ಸಾಮಾನ್ಯವಾಗಿ ಚರ್ಮ ಸುಡುತ್ತಾರೆ. ಸುಟ್ಟ ಚರ್ಮ ಬಿರುಸಾಗಿ, ಸೂಜಿ ಇಳಿಯುವುದಿಲ್ಲ, ದಾರ ಎಳೆದರೆ ಹರಿಯುತ್ತದೆ. ಬಿಸಿನೀರು ಹಾಕಿ ಹೆರೆದದ್ದೇ ಬೇಕೆಂದು ಎರಡು ದಿನ ಮೊದಲು ಅಂಗಡಿಗೆ ಹೇಳಿ. ಹಂದಿ ಮುಟ್ಟದವರಿಗೆ ಒಂದು ಮೇಜಿನಲ್ಲಿ ಆಡಿನ ಚರ್ಮವೋ ಫೋಮಿನ ಹಾಳೆಯೋ ಇರಲಿ, ಅವರು ಕೇಳುವ ಮುಂಚೆಯೇ. ಉಸಿರುನಾಳದ ಅಭ್ಯಾಸಕ್ಕೆ ಆಡಿನ ಗಂಟಲು ಬೇಕಾದರೆ, ಕೊಯ್ಯುವ ಜಾಗ ಮೇಲೆ ಬರುವಂತೆ, ಗಂಟಲಗಂಟು ಉಳಿಯುವಂತೆ ಮೊದಲೇ ಒಪ್ಪಿಸಬೇಕು. ಲೆಕ್ಕಕ್ಕಿಂತ ನಾಲ್ಕನೇ ಒಂದು ಭಾಗ ಹೆಚ್ಚು ತರಿಸಿ, ಐಸಿನಲ್ಲಿಟ್ಟು, ಒಂದು ಗಂಟೆ ಮೊದಲು ಹೊರತೆಗೆಯಿರಿ. ಸೂಜಿ, ಬ್ಲೇಡು ಚುಚ್ಚಿಹೋಗದ ಬಿಳಿ ಡಬ್ಬಿಗೆ, ಅಂಗಾಂಶ ಹಳದಿ ಚೀಲಕ್ಕೆ. ಎರಡೂ ಆಸ್ಪತ್ರೆಯ ಜೈವಿಕ ತ್ಯಾಜ್ಯದ ಜೊತೆ ಹೋಗಬೇಕು, ಊರಿನ ಕಸದ ಗಾಡಿಗಲ್ಲ.

ಶವದ ಮೇಲಿನ ಕಾರ್ಯಾಗಾರ ಅನಾಟಮಿ ವಿಭಾಗದಲ್ಲೇ ನಡೆಯಲಿ. ಅಲ್ಲಿ ಸ್ವಯಂಸೇವಕರ ಮುಖ್ಯ ಕೆಲಸ ಬಾಗಿಲಲ್ಲಿ ಮೊಬೈಲ್ ತೆಗೆದಿಟ್ಟುಕೊಳ್ಳುವುದು.

ಭಾಷಣದ ನಡುವೆ ಕರೆಂಟು ಹೋದರೆ?

ಹೋಗುತ್ತದೆ ಎಂದುಕೊಂಡೇ ಸಿದ್ಧವಾಗಿ. ಜನರೇಟರ್ ಇದೆ ಎಂಬುದು ಅರ್ಧ ಉತ್ತರ. ಅದು ಹತ್ತಿಕೊಳ್ಳುವಷ್ಟರಲ್ಲಿ ಲ್ಯಾಂಪ್ ಪ್ರೊಜೆಕ್ಟರ್ ಆರಿರುತ್ತದೆ, ಒಳಗಿನ ದೀಪ ತಣಿಯದೆ ಮತ್ತೆ ಹತ್ತುವುದಿಲ್ಲ. ಹತ್ತು ಸೆಕೆಂಡಿನ ಕತ್ತಲೆಗೆ ಐದು ನಿಮಿಷ ದಂಡ. ಆದ್ದರಿಂದ ಪ್ರೊಜೆಕ್ಟರ್, ಲ್ಯಾಪ್‌ಟಾಪ್, ಧ್ವನಿಯ ಮಿಕ್ಸರ್ ಮೂರಕ್ಕೂ ಯುಪಿಎಸ್. ಮುನ್ನಾದಿನ ಸಂಜೆ ಎಲ್ಲ ಲೈಟು ಹಾಕಿ ಮೇನ್ ಸ್ವಿಚ್ ತೆಗೆದು ನೋಡಿ. ಜನರೇಟರ್ ಆಪರೇಟರ್ ಊಟದ ಹೊತ್ತಲ್ಲಿ ಎಲ್ಲಿರುತ್ತಾರೆ ಎಂಬುದೂ ಗೊತ್ತಿರಲಿ. ಡೀಸೆಲ್ ಎರಡು ದಿನದ್ದು ತುಂಬಿಸಿ.

ಕಾರ್ಡ್‌ಲೆಸ್ ಮೈಕಿನ ಬ್ಯಾಟರಿ ಅರ್ಧ ದಿನಕ್ಕೊಮ್ಮೆ ಬದಲಿಸಿ, ಖಾಲಿಯಾಗುವವರೆಗೆ ಕಾಯಬೇಡಿ. ಸ್ಲೈಡುಗಳನ್ನು ಭಾಷಣಕ್ಕೆ ಎರಡು ಗಂಟೆ ಮೊದಲು ಪಡೆದು, ಅದೇ ಲ್ಯಾಪ್‌ಟಾಪಿನಲ್ಲಿ ಮೊದಲಿಂದ ಕೊನೆಯವರೆಗೆ ಓಡಿಸಿ ನೋಡಿ. ಕೈಕೊಡುವುದು ವಿಡಿಯೊ: ಸ್ಲೈಡಿನ ಫೈಲನ್ನು ಮಾತ್ರ ಪೆನ್‌ಡ್ರೈವ್‌ಗೆ ಹಾಕಿ ತಂದಿರುತ್ತಾರೆ, ವಿಡಿಯೊ ಅವರ ಮನೆಯ ಕಂಪ್ಯೂಟರಿನಲ್ಲೇ ಉಳಿದಿರುತ್ತದೆ. ಆ್ಯಪಲ್ ಲ್ಯಾಪ್‌ಟಾಪಿಗೆ ಬೇಕಾದ ಕನೆಕ್ಟರ್ ಎರಡು ಇಟ್ಟುಕೊಳ್ಳಿ. ಒಂದು ಯಾರದೋ ಬ್ಯಾಗಿಗೆ ಸೇರುತ್ತದೆ.

ನೋಂದಣಿ ಮೇಜಿನಲ್ಲಿ ಹೆಸರು ಸಿಗದೆ ಗಲಾಟೆ ಆಗುತ್ತದೆ. ಏನು ಮಾಡಬೇಕು?

ಅಕ್ಷರಕ್ರಮ ಬಿಡಿ. ಕೊಡವರ ಹೆಸರಿನಲ್ಲಿ ಮನೆತನ ಮೊದಲು ಬರುತ್ತದೆ. ಫೀಲ್ಡ್ ಮಾರ್ಷಲ್ ಕೋದಂಡೇರ ಮಾದಪ್ಪ ಕಾರ್ಯಪ್ಪನವರೇ ನೋಂದಣಿಗೆ ಬಂದರು ಎನ್ನಿ: ಕೋದಂಡೇರದಡಿ ಹುಡುಕಬೇಕೋ, ಕಾರ್ಯಪ್ಪದಡಿಯೋ, ಕೆ.ಎಂ. ಎಂಬ ಇನಿಷಿಯಲ್‌ನಡಿಯೋ? ಬೆಂಗಳೂರಿನವರು ಊರು, ಅಪ್ಪನ ಹೆಸರು ಸೇರಿಸುತ್ತಾರೆ, ಕಣ್ಣೂರಿನವರದು ಇನ್ನೊಂದು ರೀತಿ. ನೋಂದಣಿಯಾದ ಕೂಡಲೇ ಕ್ರಮಸಂಖ್ಯೆ ಕಳಿಸಿ, ಮೇಜುಗಳನ್ನು 1–100, 101–200, 201–300 ಎಂದು ಹಂಚಿ. ಸಂಖ್ಯೆ ಮರೆತವರಿಗೆ ಮೊಬೈಲ್ ನಂಬರಿನ ಕೊನೆಯ ನಾಲ್ಕು ಅಂಕಿಯ ಪಟ್ಟಿ. ಸ್ಥಳದಲ್ಲೇ ಹಣ ಕಟ್ಟುವವರಿಗೆ ನಾಲ್ಕನೇ ಮೇಜು, ಸ್ವಲ್ಪ ದೂರದಲ್ಲಿ.

ಎಲ್ಲ ಪಟ್ಟಿಯೂ ಕಾಗದದಲ್ಲಿ ಇರಬೇಕು. ಮುನ್ನೂರು ಫೋನು ಒಂದೇ ಟವರಿಗೆ ಜೋತುಬಿದ್ದಾಗ ಕ್ಯೂಆರ್ ಕೋಡು ತೆರೆಯುವುದಿಲ್ಲ. ಕೊರಳಪಟ್ಟಿಯಲ್ಲಿ ಹೆಸರು ಎರಡೂ ಬದಿಗೆ ಅಚ್ಚಾಗಲಿ, ತಿರುಗಿಕೊಂಡರೂ ಕಾಣುತ್ತದೆ.

ಪೋಸ್ಟರ್, ಬ್ಯಾನರ್?

ಫ್ಲೆಕ್ಸ್ ಬೇಡ. ರಾಜ್ಯದಲ್ಲಿ 2016ರಿಂದಲೇ ನಿಷೇಧವಿದೆ. ಬಟ್ಟೆಯ ಮೇಲೆ ಅಚ್ಚು ಹಾಕಿಸಿ. ಪೋಸ್ಟರಿನ ಅಳತೆ ಅಗಲ 90, ಎತ್ತರ 120 ಸೆಂಟಿಮೀಟರ್ ಎಂದು ಸುತ್ತೋಲೆಯಲ್ಲೇ ಹೇಳಿ, ಇಲ್ಲವಾದರೆ ಅರ್ಧದಷ್ಟು ಅಡ್ಡವಾಗಿ ಬರುತ್ತವೆ. ಮಂಜು ಬೀಳುವ ವರಾಂಡದಲ್ಲಿ ಕಾಗದದ ಪೋಸ್ಟರ್ ಬೆಳಗಾಗುವಷ್ಟರಲ್ಲಿ ಸುರುಳಿ ಸುತ್ತಿರುತ್ತದೆ, ಅಂಟು ಬಿಟ್ಟಿರುತ್ತದೆ. ರಾತ್ರಿ ಒಳಗೆ ತಂದಿಡಿ. ರೋಗಿಯ ಮುಖ ಕಾಣುವ ಚಿತ್ರವಿದ್ದು ಒಪ್ಪಿಗೆ ಪತ್ರವಿಲ್ಲದಿದ್ದರೆ ಪೋಸ್ಟರ್ ಹಾಕಲು ಬಿಡಬೇಡಿ, ಎಂಥ ದೊಡ್ಡವರದೇ ಆಗಿರಲಿ.

ಊಟದ ಲೆಕ್ಕ ಹೇಗೆ?

ಬಂದವರಿಗೆ ಪಂದಿಕರಿ (ಹಂದಿ ಮಾಂಸದ ಪಲ್ಯ), ಕಡಂಬುಟ್ಟು (ಅಕ್ಕಿತರಿಯ ಉಂಡೆ) ಬೇಕೇ ಬೇಕು. ಹಸಿ ಮಾಂಸ ತಲೆಗೆ 150 ಗ್ರಾಂ, ಕಡಂಬುಟ್ಟು ನಾಲ್ಕು. ಮುನ್ನೂರರಲ್ಲಿ ಇನ್ನೂರು ಜನ ಹಂದಿ ತಿನ್ನುತ್ತಾರೆ ಎಂದುಕೊಂಡರೆ 30 ಕಿಲೊ. ಶನಿವಾರ, ಸೋಮವಾರ ಮಾಂಸ ಮುಟ್ಟದವರು ಬಹಳ ಇರುತ್ತಾರೆ, ಆ ದಿನಗಳಿಗೆ ಸಸ್ಯಾಹಾರವೇ ಮುಖ್ಯವಾಗಲಿ. ನೂಲ್‌ಪುಟ್ಟು (ಒತ್ತು ಶಾವಿಗೆ), ಅಕ್ಕಿ ಒಟ್ಟಿ (ಅಕ್ಕಿ ರೊಟ್ಟಿ), ಬೈಂಬಳೆ (ಕಳಲೆ) ಸಾರು ಇದ್ದರೆ ಯಾರೂ ಗೊಣಗುವುದಿಲ್ಲ. ಹಂದಿಗೆ ಬೇರೆಯೇ ಮೇಜು, ಬೇರೆ ಸೌಟು, ಬೇರೆ ಬಡಿಸುವವರು, ದೊಡ್ಡಕ್ಷರದ ಫಲಕ. ಒಂದೇ ಸೌಟು ಎರಡು ಪಾತ್ರೆಗೆ ಹೋದರೆ ಆ ಊಟ ಕೆಲವರ ಪಾಲಿಗೆ ಮುಗಿಯಿತು. ಕೋಳಿ, ಕುರಿ ಹಲಾಲ್ ಅಂಗಡಿಯದು ಎಂದಾದರೆ ಅದನ್ನೂ ಬರೆಯಿರಿ.

ಕಾಫಿ ಒಂದು ಸುತ್ತಿಗೆ 300 ಲೋಟ, ತಲಾ 100 ಮಿಲಿ, ಅಂದರೆ 30 ಲೀಟರ್, ಪುಡಿ ಎರಡೂವರೆ ಕಿಲೊ. ಕಾಫಿ ಬೆಳೆಯುವ ಜಿಲ್ಲೆಗೆ ಬಂದವರಿಗೆ ಯಂತ್ರದಿಂದ ಸುರಿಯುವ ಇನ್‌ಸ್ಟಂಟ್ ಕಾಫಿ ಕೊಡಬೇಡಿ, ದಯವಿಟ್ಟು. ವಿರಾಮ 20 ನಿಮಿಷವಾದರೆ ನಾಲ್ಕು ಕಡೆ ಕೊಡಬೇಕು. ಒಂದೇ ಕಡೆ ಇಟ್ಟರೆ ಮುಂದಿನ ಅಧಿವೇಶನ ಹತ್ತು ನಿಮಿಷ ತಡವಾಗುವುದು ಖಂಡಿತ. ಕುಡಿಯುವ ನೀರು ದಿನಕ್ಕೆ 20 ಲೀಟರಿನ 15ರಿಂದ 20 ಕ್ಯಾನ್.

ರಾತ್ರಿಯ ಔತಣಕ್ಕೆ ಮದ್ಯ ಇಡುವುದಾದರೆ ಅಬಕಾರಿ ಇಲಾಖೆಯಿಂದ ಸಿಎಲ್-5 ಪರವಾನಗಿ ಬೇಕು. ಬಯಲಿನಲ್ಲಿ ಧ್ವನಿವರ್ಧಕ ರಾತ್ರಿ 10ಕ್ಕೆ ನಿಲ್ಲಬೇಕು, ವಾಲಗ ಎಷ್ಟೇ ರಂಗೇರಿದ್ದರೂ.

ಉದ್ಘಾಟನೆ ಯಾವಾಗಲೂ ಎಳೆಯುತ್ತದಲ್ಲ?

ಮುಖ್ಯ ಅತಿಥಿಗಳು ತಡವಾಗುತ್ತಾರೆ, ಎಲ್ಲರಿಗೂ ಶಾಲು, ಪೇಟ, ಹಾರ. ಪರಿಹಾರವೆಂದರೆ ಬೆಳಿಗ್ಗೆಯೇ ವಿಜ್ಞಾನ ಅಧಿವೇಶನ ಶುರುಮಾಡಿ, ಉದ್ಘಾಟನೆಯನ್ನು 11.30ಕ್ಕೆ, ಊಟಕ್ಕೆ ಮುಂಚೆ ಇಡುವುದು. ಹಸಿವು ಯಾರ ಭಾಷಣವನ್ನೂ ಉದ್ದ ಬಿಡುವುದಿಲ್ಲ. ನಾಡಗೀತೆಗೆ ಸರ್ಕಾರ ಗೊತ್ತುಪಡಿಸಿದ ಅವಧಿ 2 ನಿಮಿಷ 30 ಸೆಕೆಂಡು. ದೀಪಕ್ಕೆ ಎಣ್ಣೆ, ಬತ್ತಿ, ಕರ್ಪೂರ, ಎರಡು ಬೆಂಕಿಪೊಟ್ಟಣ. ಫ್ಯಾನು ಆರಿಸಲು ಒಬ್ಬರು.

ಹಿರಿಯ ಪ್ರಾಧ್ಯಾಪಕರು ಸಮಯ ಮೀರಿ ಮಾತಾಡುತ್ತಿದ್ದರೆ ನಾನು, ವಿದ್ಯಾರ್ಥಿ, ಹೇಗೆ ನಿಲ್ಲಿಸಲಿ?

ನೀವು ನಿಲ್ಲಿಸಬೇಕಿಲ್ಲ, ಅದು ಆ ಅಧಿವೇಶನದ ಅಧ್ಯಕ್ಷರ ಕೆಲಸ. ನಿಮ್ಮದು ಎರಡು ನಿಮಿಷ ಉಳಿದಾಗ ಹಳದಿ ಚೀಟಿ, ಮುಗಿದಾಗ ಕೆಂಪು ಚೀಟಿ ಎತ್ತುವುದು, ಅಧ್ಯಕ್ಷರಿಗೂ ಕಾಣುವಂತೆ. ಅಧಿವೇಶನಕ್ಕೆ ಮುಂಚೆ ಅಧ್ಯಕ್ಷರ ಬಳಿ ಹೋಗಿ "ಸಾರ್, ಕೆಂಪು ಚೀಟಿ ಆದ ಮೇಲೆ ಒಂದು ನಿಮಿಷಕ್ಕೆ ನೀವು ಎದ್ದು ನಿಲ್ತೀರಲ್ಲ?" ಎಂದು ಒಪ್ಪಿಸಿಕೊಳ್ಳಿ. ಅಧ್ಯಕ್ಷರು ಎದ್ದು ನಿಂತರೆ ಮಾತು ತಾನಾಗಿ ಮುಗಿಯುತ್ತದೆ.

ಅಷ್ಟೊಂದು ಡಾಕ್ಟರರಿರುವಾಗ ಪ್ರಥಮ ಚಿಕಿತ್ಸೆ ಏಕೆ?

ಡಾಕ್ಟರರಿದ್ದಾರೆ, ಆಮ್ಲಜನಕವಿಲ್ಲ, ಇದು ಸಾಮಾನ್ಯ ಸ್ಥಿತಿ. ಸಿಲಿಂಡರು, ಮಾಸ್ಕು, ಡಿಫಿಬ್ರಿಲೇಟರ್, ಬಿಪಿ ಯಂತ್ರ, ಗ್ಲೂಕೋಮೀಟರ್ ಒಂದು ಗೊತ್ತಾದ ಜಾಗದಲ್ಲಿರಲಿ. ಆಂಬುಲೆನ್ಸ್ ಬಾಗಿಲ ಬಳಿ ನಿಲ್ಲುವ ಜಾಗಕ್ಕೆ ಯಾರೂ ಕಾರು ಹಾಕದಂತೆ ಹಗ್ಗ ಕಟ್ಟಿ. 108ಕ್ಕೆ ಕರೆ ಮಾಡಿದರೆ ಹೇಳಬೇಕಾದ ದಾರಿಗುರುತನ್ನು ದೊಡ್ಡದಾಗಿ ಬರೆದು ಅಂಟಿಸಿ; ತೋಟದೊಳಗಿನ ರಿಸಾರ್ಟಿಗೆ ಯಾವ ಗೇಟಿನಿಂದ ತಿರುಗಬೇಕು ಎಂದು ಆ ಗಾಬರಿಯಲ್ಲಿ ಯಾರಿಗೂ ನೆನಪಾಗುವುದಿಲ್ಲ.

ನನಗೇನು ಸಿಗುತ್ತದೆ? ರಾತ್ರಿ ಮನೆಗೆ ಹೋಗುವುದು ಹೇಗೆ?

ಊಟ, ಪ್ರಯಾಣದ ಖರ್ಚು, ಯಾವ ಕೆಲಸ ಮಾಡಿದಿರಿ ಎಂದು ಸ್ಪಷ್ಟವಾಗಿ ಬರೆದ ಪ್ರಮಾಣಪತ್ರ. ವಿದ್ಯಾರ್ಥಿಗಳಿಗೆ ಅಧಿವೇಶನಗಳಿಗೆ ಉಚಿತ ಪ್ರವೇಶ. ಸಂಜೆ 7ರ ನಂತರ ಉಳಿಯುವ ಹೆಣ್ಣುಮಕ್ಕಳನ್ನು ಹಾಸ್ಟೆಲ್ ಅಥವಾ ಮನೆ ಬಾಗಿಲವರೆಗೆ ಬಿಡಲು ಗಾಡಿ ಗೊತ್ತಾಗಿರಬೇಕು. ಅದು ವಾಹನಪಟ್ಟಿಯಲ್ಲಿ ಬರೆದಿದೆಯೇ ಎಂದು ಮೊದಲ ಸಭೆಯಲ್ಲೇ ಕೇಳಿ. ಯಾರಾದರೂ ಅಸಭ್ಯವಾಗಿ ವರ್ತಿಸಿದರೆ ಯಾರಿಗೆ ಹೇಳಬೇಕು ಎಂಬ ಹೆಸರೂ ನಂಬರೂ ಸ್ವಯಂಸೇವಕರ ಕಾರ್ಡಿನ ಹಿಂಬದಿಯಲ್ಲಿರಲಿ. ಔತಣದಲ್ಲಿ ಮದ್ಯ ಬಡಿಸುವ ಕೆಲಸಕ್ಕೆ ವಿದ್ಯಾರ್ಥಿಗಳನ್ನು ಹಚ್ಚಬಾರದು.

ಮುಗಿದ ಮೇಲೂ ಕೆಲಸ ಇರುತ್ತದೆಯೇ?

ಒಂದು ತಿಂಗಳು. ಹಾಜರಾತಿಯನ್ನು ನೋಂದಣಿ ಸಂಖ್ಯೆಯೊಡನೆ ತಾಳೆ ನೋಡಿ ಪರಿಷತ್ತಿಗೆ ಕಳಿಸುವುದಕ್ಕೆ ಮೊದಲ ವಾರ. ಡ್ರೈವರ್, ಅಡುಗೆಯವರು, ಶಾಮಿಯಾನದವರ ಬಾಕಿ ಮೂರು ದಿನದೊಳಗೆ ಕೊಡಿ, ಸಣ್ಣ ಊರಿನಲ್ಲಿ ಮುಂದಿನ ಸಲವೂ ಅವರೇ ಬರಬೇಕು. ಬಿಲ್ಲುಗಳನ್ನು ದಿನದ ಕವರಿನಲ್ಲಿ ಹಾಕಿಟ್ಟರೆ ಲೆಕ್ಕಪರಿಶೋಧಕರಿಗೆ ಎರಡು ಸಂಜೆಯ ಕೆಲಸ, ಇಲ್ಲವೆಂದರೆ ಎರಡು ತಿಂಗಳದು. ಉಳಿದುಹೋದ ಚಾರ್ಜರ್, ಕೊಡೆ, ಸ್ವೆಟರುಗಳನ್ನು ಯಾವ ರೂಮಿನಲ್ಲಿ ಸಿಕ್ಕಿತೆಂದು ಬರೆದು ಒಂದೇ ಕಡೆ ಇಡಿ. ಪ್ರತಿನಿಧಿಗಳ ಫೋನ್ ಪಟ್ಟಿ ನಿಮ್ಮ ಮೊಬೈಲ್‌ನಲ್ಲಿ ಇದ್ದರೆ ಅಳಿಸಿ. ವಾಹನಪಟ್ಟಿ, ರೂಮುಪಟ್ಟಿ, ಅಡುಗೆಯ ಲೆಕ್ಕ ಮಾತ್ರ ಸಂಘದ ಕಡತಕ್ಕೆ ಹೋಗಲಿ, ಎಲ್ಲಿ ಎಷ್ಟು ಹೆಚ್ಚು ಕಡಿಮೆಯಾಯಿತು ಎಂದು ಅಂಚಿನಲ್ಲಿ ಬರೆದು.